ಎಂ, ಎಎಂಜಿ, ಆಲ್ಫಾ, ನಿಸ್ಮೋ, ಹ್ಯುಂಡೈ: ಟೂರಿಂಗ್ ಕಾರ್ ರೇಸಿಂಗ್‌ನಲ್ಲಿ ಯಾರ ಬೆನ್ನು ಹತ್ತಬೇಕು?

ಟೂರಿಂಗ್ ಕಾರ್ ರೇಸ್ ನೋಡಲು ಹೊಸದಾಗಿ ಶುರು ಮಾಡಿದವರಿಗೆ ಒಂದು ಗೊಂದಲ ಗ್ಯಾರಂಟಿ. ಎಲ್ಲಿಂದ ಹಿಡಿಯಬೇಕು? ಫಾರ್ಮುಲಾ ಒನ್‌ನಲ್ಲಿ ಇರುವುದು ಒಂದೇ ಸರಣಿ, ಬೆರಳೆಣಿಕೆಯ ತಂಡಗಳು. ಒಬ್ಬ ಡ್ರೈವರ್ ಇಷ್ಟವಾದರೆ ಸಾಕು, ಉಳಿದದ್ದು ಅಭ್ಯಾಸವಾಗುತ್ತದೆ. ಇಲ್ಲಿ ಹಾಗಲ್ಲ. ಜರ್ಮನಿಯ ಡಿಟಿಎಂ ಬೇರೆ, ಬ್ರಿಟನ್ನಿನ ಬಿಟಿಸಿಸಿ ಬೇರೆ, ಆಸ್ಟ್ರೇಲಿಯಾದ ವಿ8 ಕಾರುಗಳು ಬೇರೆ, ಜಪಾನಿನದು ಇನ್ನೊಂದೇ ಲೋಕ, ಅದರ ಮೇಲೆ ಆಗಾಗ ನಿಯಮಗಳೇ ತಲೆಕೆಳಗಾಗುತ್ತವೆ. ಸರಣಿ ಹಿಡಿದು ಹೊರಟರೆ ಅರ್ಧ ದಾರಿಯಲ್ಲಿ ಸುಸ್ತಾಗುತ್ತೀರಿ. ಅದರ ಬದಲು ಒಂದು ಕಾರು ಕಂಪನಿಯ ರೇಸಿಂಗ್ ವಿಭಾಗವನ್ನು ಆರಿಸಿಕೊಂಡು ಅದರ ಬೆನ್ನು ಹತ್ತಿ. ಸರಣಿ, ನಿಯಮ, ಡ್ರೈವರ್, ಜಗಳ, ಎಲ್ಲವೂ ಅದರ ಜೊತೆಗೇ ಸಿಗುತ್ತವೆ.

ಯಾವ ವಿಭಾಗ? ದಯವಿಟ್ಟು ಗೆದ್ದ ಕಪ್‌ಗಳನ್ನು ಎಣಿಸಿ ತೀರ್ಮಾನ ಮಾಡಬೇಡಿ. ನಾನು ಒಂದೇ ಪ್ರಶ್ನೆ ಇಟ್ಟುಕೊಳ್ಳುತ್ತೇನೆ. ರೇಸ್ ಗೆಲ್ಲಬೇಕು ಅಂತ ಈ ವಿಭಾಗ ಶೋರೂಂ ಕಾರಿನಲ್ಲಿ ಏನನ್ನು ಬದಲಾಯಿಸಿತು? ಟೂರಿಂಗ್ ಕಾರ್ ಅಂದರೆ ಮನೆಮಂದಿ ಕೂತು ಓಡಾಡುವ ಮಾಮೂಲಿ ಕಾರು ಅಲ್ವಾ, ಆ ಮಾಮೂಲಿತನ ಕಳೆದುಕೊಳ್ಳದೆ ಅದರಿಂದ ವೇಗ ಹೊರಡಿಸುವುದೇ ಈ ಆಟದ ಜೀವ.

ಇದಕ್ಕೆ ಒಂದು ನಿಯಮ ಗೊತ್ತಿದ್ದರೆ ಸಾಕು. 1982ರಲ್ಲಿ ಗ್ರೂಪ್ ಎ ಅನ್ನುವ ವರ್ಗ ಬಂತು. ಹನ್ನೆರಡು ತಿಂಗಳಲ್ಲಿ 5,000 ಕಾರು ತಯಾರಿಸಿದರೆ ಮಾತ್ರ ಆ ಮಾದರಿಗೆ ರೇಸಿನಲ್ಲಿ ಜಾಗ. ಆಮೇಲೆ ಏನಾದರೂ ಸುಧಾರಣೆ ಬೇಕಾದರೆ ಅದನ್ನು ಇನ್ನೂ 500 ಕಾರಿಗೆ ಹಾಕಬೇಕು. ಹೀಗೆ ಮಾನ್ಯತೆ ಪಡೆಯುವುದನ್ನು ಹೊಮೊಲೊಗೇಶನ್ ಅನ್ನುತ್ತಾರೆ. ಅಂದರೆ ರೇಸ್ ಕಾರಿಗೆ, ಗಾಳಿಯ ಬಲದಿಂದ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ದೊಡ್ಡ ರೆಕ್ಕೆ ಬೇಕಾದರೆ ಆ ರೆಕ್ಕೆ ಮೊದಲು ತರಕಾರಿ ತರಲು ಹೋಗುವವರ ಕಾರಿನ ಮೇಲೂ ಕೂರಬೇಕು. ಎಂಬತ್ತರ ದಶಕದ ಕೊನೆಯ ಕಾರುಗಳ ಮೇಲೆ ಜನರಿಗೆ ಇವತ್ತಿಗೂ ಇಷ್ಟು ಪ್ರೀತಿ ಯಾಕೆ ಅಂದರೆ ಅದಕ್ಕೆ ಈ ನಿಯಮವೇ ಕಾರಣ.

ಬಿಎಂಡಬ್ಲ್ಯು ಎಂ: ಹೊಸಬರು ಇಲ್ಲಿಂದಲೇ ಶುರು ಮಾಡಿ

ಬಿಎಂಡಬ್ಲ್ಯು ಮೋಟರ್‌ಸ್ಪೋರ್ಟ್ ಹುಟ್ಟಿದ್ದು 1972ರ ಮೇ ತಿಂಗಳಲ್ಲಿ, 35 ಜನರಿಂದ. ಫೋರ್ಡ್‌ನ ಜರ್ಮನ್ ರೇಸಿಂಗ್ ತಂಡದಲ್ಲಿದ್ದ ಯೋಖೆನ್ ನೀರ್‌ಪಾಶ್ ಅವರನ್ನು ಕರೆತಂದು ಜವಾಬ್ದಾರಿ ಕೊಟ್ಟರು. ಮೊದಲು ಕೈಗೆತ್ತಿಕೊಂಡ ಕಾರು 3.0 ಸಿಎಸ್‌ಎಲ್. ಬಾಗಿಲು, ಬಾನೆಟ್, ಡಿಕ್ಕಿ ಮುಚ್ಚಳ ಎಲ್ಲ ಅಲ್ಯೂಮಿನಿಯಂ. 1973ರಲ್ಲಿ ಅದಕ್ಕೆ ದೊಡ್ಡ ಹಿಂಬದಿ ರೆಕ್ಕೆ ಬಂತು. ಆದರೆ ಜರ್ಮನಿಯ ರಸ್ತೆ ಕಾನೂನಿನಲ್ಲಿ ಅಂಥ ರೆಕ್ಕೆಗೆ ಅವಕಾಶ ಇರಲಿಲ್ಲ, ರೇಸ್ ನಿಯಮದ ಪ್ರಕಾರ ಅದು ಮಾರುವ ಕಾರಿನ ಭಾಗವಾಗಿರಲೇಬೇಕು. ಏನು ಮಾಡಿದರು? ರೆಕ್ಕೆಯನ್ನು ಡಿಕ್ಕಿಯೊಳಗೆ ಇಟ್ಟು ಕಾರು ಮಾರಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಆ ವರ್ಷ ಟೊಯ್ನೆ ಹೆಜೆಮನ್ಸ್ ಯುರೋಪಿಯನ್ ಟೂರಿಂಗ್ ಕಾರ್ ಚಾಂಪಿಯನ್ ಆದರು, ಆಮೇಲೆ 1975ರಿಂದ 1979ರವರೆಗೆ ಪ್ರತಿ ವರ್ಷವೂ ಸಿಎಸ್‌ಎಲ್ ಓಡಿಸಿದವರಿಗೇ ಆ ಪಟ್ಟ.

ಆದರೆ ಎಂ ವಿಭಾಗ ಏನು ಅಂತ ಅರ್ಥವಾಗಬೇಕಾದರೆ 3 ಸೀರೀಸ್ ಕಾರಿನಿಂದ ರೇಸಿಗೆಂದು ಹುಟ್ಟಿದ ಇ30 ಎಂ3 ಮುಂದೆ ನಿಲ್ಲಬೇಕು. ಫೋಟೋದಲ್ಲಾದರೂ ಸರಿ, ಪಕ್ಕದಿಂದ ನೋಡಿ. ಮಾಮೂಲಿ 3 ಸೀರೀಸ್‌ನ ಎರಡು ಬಾಗಿಲಿನ ಕಾರನ್ನು ಅದರ ಜೊತೆಗಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಚೌಕಾಕಾರವಾಗಿ ಉಬ್ಬಿದ ಚಕ್ರದ ಕಮಾನುಗಳು. ಅಷ್ಟಕ್ಕೇ ನಿಲ್ಲಬೇಡಿ. ಹಿಂದಿನ ಗಾಜು ನೋಡಿ, ಅದು ಮಾಮೂಲಿ ಕಾರಿಗಿಂತ ಜಾಸ್ತಿ ಮಲಗಿದೆ. ಅದಕ್ಕಾಗಿ ಗಾಜಿನ ಪಕ್ಕದ ಕಂಬವನ್ನೇ ಬೇರೆ ಮಾಡಿದ್ದಾರೆ. ಡಿಕ್ಕಿ ಮುಚ್ಚಳ 40 ಮಿಲಿಮೀಟರ್ ಎತ್ತರ. ಕಾರಣ ಒಂದೇ, ಛಾವಣಿ ಮೇಲಿಂದ ಜಾರಿ ಬರುವ ಗಾಳಿ ಮಧ್ಯದಲ್ಲಿ ಚದುರದೆ ಹಿಂದಿನ ರೆಕ್ಕೆಗೆ ನೆಟ್ಟಗೆ ತಗುಲಬೇಕು. ಒಟ್ಟು ಹನ್ನೆರಡು ಬಾಡಿ ಭಾಗಗಳು ಈ ಕಾರಿಗೆಂದೇ ಬೇರೆಯಾಗಿ ಮಾಡಿದವು. ಮಾಮೂಲಿ ಕಾರಿನಿಂದ ಹಾಗೇ ಬಂದದ್ದು ಬಾನೆಟ್, ಛಾವಣಿ, ಬಾಗಿಲು. ಒಂದು ಗಾಜಿನ ಓರೆಗಾಗಿ ಒಂದು ಕಂಪನಿ ಸಾವಿರಾರು ಕಾರುಗಳ ಕಂಬವನ್ನೇ ಹೊಸದಾಗಿ ಅಚ್ಚು ಹಾಕಿಸಿತು ಅಂದರೆ ಅದು ಬರೀ ಜಾಹೀರಾತಿಗೆ ಮಾಡಿದ ಕೆಲಸ ಅಲ್ಲ.

ಎಂಜಿನ್ ಕಥೆ ಇನ್ನೂ ಚೆನ್ನಾಗಿದೆ. ಪಾಲ್ ರೋಷೆ ಅನ್ನುವ ಎಂಜಿನಿಯರ್, ಎಂ1 ಕಾರಿನ ಆರು ಸಿಲಿಂಡರಿನ ಎಂಜಿನ್‌ನ ಹೆಡ್, ಅಂದರೆ ಮೇಲ್ಭಾಗ, ತೆಗೆದುಕೊಂಡು ಅದರಲ್ಲಿ ಎರಡು ಸಿಲಿಂಡರಿನಷ್ಟು ಭಾಗವನ್ನು ಗರಗಸದಲ್ಲಿ ಕೊಯ್ದು ಹಾಕಿದರು. ತೆರೆದ ತುದಿಗೆ ಲೋಹದ ಪಟ್ಟಿ ಬೆಸುಗೆ ಮಾಡಿದರು. ಅದನ್ನು ಕಂಪನಿಯ ಹಳೆಯ ನಾಲ್ಕು ಸಿಲಿಂಡರಿನ ಬ್ಲಾಕ್ ಮೇಲೆ ಕೂರಿಸಿದರು. ಎರಡು ಎಂಜಿನ್‌ಗಳಲ್ಲೂ ಸಿಲಿಂಡರಿನಿಂದ ಸಿಲಿಂಡರಿಗೆ ಇರುವ ಅಂತರ ಒಂದೇ ಆಗಿದ್ದರಿಂದ ಇದು ಕೂಡಿಬಂತು. ಎರಡೇ ವಾರದಲ್ಲಿ ಮೊದಲ ಎಂಜಿನ್ ತಯಾರು. ಅದೇ ಹಳೆಯ ಬ್ಲಾಕಿನಿಂದಲೇ ರೋಷೆ ಮಾಡಿದ, ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಎಂಜಿನ್‌ನಲ್ಲಿ ನೆಲ್ಸನ್ ಪಿಕೆ 1983ರ ಫಾರ್ಮುಲಾ ಒನ್ ಚಾಂಪಿಯನ್ ಆಗಿದ್ದರು ಅನ್ನುವುದನ್ನು ನೆನಪಿಡಿ. ರಸ್ತೆಯ ಎಂ3ಗೆ 2.3 ಲೀಟರ್, ಸುಮಾರು 200 ಅಶ್ವಶಕ್ತಿ. ರೇಸಿನಲ್ಲಿ ಅದೇ ಎಂಜಿನ್ ನಿಮಿಷಕ್ಕೆ 8,000 ಸುತ್ತು ದಾಟಿ 300ರ ಹತ್ತಿರ ಹೋಯಿತು.

1987ರಲ್ಲಿ ರೊಬೆರ್ಟೊ ರವಾಲ್ಯಾ ಇದೇ ಕಾರಿನಲ್ಲಿ ವಿಶ್ವ ಟೂರಿಂಗ್ ಕಾರ್ ಚಾಂಪಿಯನ್. ಅದೇ ವರ್ಷ ಡಿಟಿಎಂ ಪಟ್ಟ ಎರಿಕ್ ವಾನ್ ಡೆ ಪೂಲೆಗೆ, ಅದೂ ಇಡೀ ವರ್ಷ ಒಂದೇ ಒಂದು ರೇಸ್ ಗೆಲ್ಲದೆ! ಎದುರಾಳಿ ಫೋರ್ಡ್ ಸಿಯೆರಾಗಳಲ್ಲಿ ಟರ್ಬೊ ಶಕ್ತಿ ತುಂಬಾ ಜಾಸ್ತಿ ಇತ್ತು, ನೇರ ದಾರಿಯಲ್ಲಿ ಎಂ3 ಅವುಗಳ ಹತ್ತಿರ ಸುಳಿಯಲು ಆಗುತ್ತಿರಲಿಲ್ಲ. ಆದರೆ ತೂಕ ಕಡಿಮೆ, ಬ್ರೇಕ್ ಗಟ್ಟಿ, ಟೈರ್ ಉಳಿಯುತ್ತಿತ್ತು. ತಿರುವಿನಲ್ಲಿ ಗಳಿಸಿ ಗಳಿಸಿ ಕೂಡಿಡುವ ಕಾರು ಅದು.

ಇಲ್ಲಿ ಒಂದು ಕೊರತೆ ಹೇಳಲೇಬೇಕು. ಎಂ ವಿಭಾಗದ ಟೂರಿಂಗ್ ಕಾರ್ ಚರಿತ್ರೆ ಒಂದೇ ಸಮನೆ ಹರಿಯುವುದಿಲ್ಲ. 1992ರ ನಂತರ ಡಿಟಿಎಂ ಬಿಟ್ಟುಹೋದವರು ವಾಪಸ್ ಬಂದದ್ದು 2012ರಲ್ಲಿ. ಬಂದ ವರ್ಷವೇ ಬ್ರೂನೊ ಸ್ಪೆಂಗ್ಲರ್ ಪಟ್ಟ ಗೆದ್ದರು, ಸರಿ, ಆದರೆ ಇಪ್ಪತ್ತು ವರ್ಷದ ಬಿಡುವು ಸಣ್ಣದಲ್ಲ. ಆ ನಡುವಿನ ಕಾಲಕ್ಕೆ ವಿಶ್ವ ಸರಣಿ ನೋಡಿ. ಆಂಡಿ ಪ್ರಿಯೋ 2005, 2006, 2007, ಸತತ ಮೂರು ಸಲ ಬಿಎಂಡಬ್ಲ್ಯುನಲ್ಲೇ ವಿಶ್ವ ಚಾಂಪಿಯನ್.

ಎಎಂಜಿ: ಹೊರಗಿನಿಂದ ಒಳಗೆ ಬಂದವರು

ಎಂ ವಿಭಾಗ ಕಂಪನಿಯೊಳಗೇ ಹುಟ್ಟಿದ್ದು. ಎಎಂಜಿ ಹಾಗಲ್ಲ. ಹನ್ಸ್ ವೆರ್ನರ್ ಔಫ್ರೆಖ್ಟ್, ಎರ್ಹಾರ್ಡ್ ಮೆಲ್ಖರ್ ಅನ್ನುವ ಇಬ್ಬರು ಎಂಜಿನಿಯರ್‌ಗಳು 1967ರಲ್ಲಿ ತಾವೇ ಕಟ್ಟಿದ ಸಂಸ್ಥೆ ಅದು, ಮುಂದೆ ಮರ್ಸಿಡಿಸ್‌ನ ಭಾಗವಾಯಿತು. ಇಬ್ಬರ ಹೆಸರಿನ ಮೊದಲ ಅಕ್ಷರ, ಜೊತೆಗೆ ಔಫ್ರೆಖ್ಟ್ ಅವರ ಊರು ಗ್ರೋಸಾಸ್ಪಾಖ್‌ನ ಮೊದಲ ಅಕ್ಷರ, ಅದೇ ಎಎಂಜಿ. 1971ರ ಸ್ಪಾ 24 ಗಂಟೆ ರೇಸಿಗೆ ಇವರು ತಂದದ್ದು ಮರ್ಸಿಡಿಸ್ 300 ಎಸ್‌ಇಎಲ್, ದೊಡ್ಡ ಮನುಷ್ಯರು ಹಿಂದಿನ ಸೀಟಿನಲ್ಲಿ ಕೂತು ಹೋಗುವ ಭಾರಿ ಕಾರು. ಎಂಜಿನ್ ಅನ್ನು 6.8 ಲೀಟರಿಗೆ ಹಿಗ್ಗಿಸಿದ್ದರು. ಅದು ಎರಡನೇ ಸ್ಥಾನ ಪಡೆಯಿತು. ಸಣ್ಣ ಹಗುರ ಕಾರುಗಳ ನಡುವೆ ಆ ಕೆಂಪು ಕಾರು ಆನೆಯ ಹಾಗೆ ನುಗ್ಗುವ ಫೋಟೋ ಒಂದು ಸಲ ನೋಡಿದರೆ ಮರೆಯುವುದಿಲ್ಲ.

ಅವರ ಗ್ರೂಪ್ ಎ ಉತ್ತರ 190ಇ. ಇದರ ಹದಿನಾರು ವಾಲ್ವ್ ಹೆಡ್ ಬ್ರಿಟನ್ನಿನ ಕಾಸ್‌ವರ್ತ್‌ನದು. 1984ರ ಮೇ 12ರಂದು ನ್ಯೂರ್‌ಬರ್ಗ್‌ರಿಂಗ್‌ನ ಹೊಸ ಟ್ರ್ಯಾಕ್ ಉದ್ಘಾಟನೆಗೆ ಒಂದೇ ಥರದ 190ಇ ಕಾರುಗಳಲ್ಲಿ ದೊಡ್ಡ ದೊಡ್ಡ ಡ್ರೈವರ್‌ಗಳನ್ನು ಓಡಿಸಿದಾಗ ಗೆದ್ದವರು ಆಗಿನ್ನೂ ಹೊಸಬರಾಗಿದ್ದ ಐರ್ಟನ್ ಸೆನ್ನಾ, ನಿಕಿ ಲೌಡಾ ಎರಡನೆಯವರು. 1990ರಲ್ಲಿ 190ಇಯ ಎವೊ 2 ಆವೃತ್ತಿ ಬಂತು, 502 ಕಾರು ಮಾತ್ರ. ಅದರ ಹಿಂದಿನ ರೆಕ್ಕೆ ನೋಡಿದರೆ ಮರ್ಸಿಡಿಸ್‌ನವರು ಇಂಥದ್ದಕ್ಕೆ ಒಪ್ಪಿದ್ದು ಹೇಗೆ ಅಂತ ಈಗಲೂ ಆಶ್ಚರ್ಯವಾಗುತ್ತದೆ. 500ರ ನಿಯಮ ಅವರಿಂದ ಇದನ್ನು ಮಾಡಿಸಿತು.

ಎಂ ಜೊತೆ ಹೋಲಿಸಿದರೆ ಎಎಂಜಿಯ ಬಲ ಅಂದರೆ ಬಿಡದೆ ಹಿಡಿದುಕೊಂಡದ್ದು. ಬರ್ನ್ಡ್ ಷ್ನೈಡರ್ ಒಬ್ಬರೇ 1995ರಿಂದ 2006ರೊಳಗೆ ಐದು ಡಿಟಿಎಂ ಪಟ್ಟ ಗೆದ್ದರು, ಐದೂ ಮರ್ಸಿಡಿಸ್‌ನಲ್ಲೇ. 2018ರ ಕೊನೆಗೆ ಅವರು ಡಿಟಿಎಂ ಬಿಟ್ಟಾಗಲೂ ಆ ವರ್ಷದ ಪಟ್ಟ ಅವರದೇ, ಗ್ಯಾರಿ ಪ್ಯಾಫೆಟ್ ಹೆಸರಿನಲ್ಲಿ. ಒಂದೇ ಸರಣಿಯನ್ನು ದಶಕಗಳ ಕಾಲ ಒಬ್ಬರ ಕಣ್ಣಿನಿಂದ ನೋಡಬೇಕು ಅನ್ನುವವರಿಗೆ ಎಎಂಜಿಯೇ ಸರಿ. ಒಂದು ಎಚ್ಚರಿಕೆ ಇದೆ. 2000ದಲ್ಲಿ ಮತ್ತೆ ಹೊಸದಾಗಿ ಶುರುವಾದ ಡಿಟಿಎಂನ ಕಾರುಗಳಿಗೆ ಶೋರೂಂ ಕಾರಿನ ಮುಖ ಮಾತ್ರ ಇತ್ತು, ಒಳಗೆ ಪೂರಾ ರೇಸಿಗೆಂದೇ ಕಟ್ಟಿದ ಯಂತ್ರ. ನನ್ನ ಪ್ರಶ್ನೆ ಇಟ್ಟು ನೋಡಿದರೆ ಆ ಕಾಲದ ಎಎಂಜಿಗೆ ಅಂಕ ಕಡಿಮೆ.

ಆಲ್ಫಾ ರೋಮಿಯೊ: ಹುಚ್ಚು ಹಿಡಿಸುವವರು

ಇವರಲ್ಲಿ ಎರಡು ಕಾಲ. ಮೊದಲನೆಯದು ಕಾರ್ಲೊ ಕೀಟಿ ನಡೆಸಿದ ಆಟೋಡೆಲ್ಟಾ. 1965ರ ಜಿಟಿಎ ಅವರ ಹೆಸರು ಮಾಡಿದ ಕಾರು. ಹೆಸರಿನ ಕೊನೆಯ ‘ಎ’ ಅಂದರೆ ಇಟಾಲಿಯನ್ನಿನಲ್ಲಿ ಹಗುರ ಮಾಡಿದ್ದು ಅಂತ. ಹೊರಮೈಗೆ ಅಲ್ಯೂಮಿನಿಯಂ ಹಾಕಿ ಸುಮಾರು 200 ಕಿಲೊ ಇಳಿಸಿದರು. ಒಂದು ಟನ್ ಕೂಡ ಇಲ್ಲದ ಕಾರಿನಲ್ಲಿ 200 ಕಿಲೊ! ಆಂಡ್ರಿಯಾ ದೆ ಆದಮಿಚ್ 1966, 1967ರಲ್ಲಿ ಅದರಲ್ಲೇ ಯುರೋಪಿಯನ್ ಪಟ್ಟ ಗೆದ್ದರು.

ಎರಡನೆಯದು ಆಲ್ಫಾ ಕೋರ್ಸೆ, ತೊಂಬತ್ತರ ದಶಕ. 1993ರಲ್ಲಿ ಡಿಟಿಎಂ ನಿಯಮ ಬದಲಾಗಿ 2.5 ಲೀಟರ್ ಎಂಜಿನ್‌ಗೆ ಬಾಗಿಲು ತೆರೆಯಿತು. ಇಟಲಿಯಿಂದ 155 ವಿ6 ಟಿಐ ಬಂತು. ನಾಲ್ಕೂ ಚಕ್ರಕ್ಕೆ ಶಕ್ತಿ, 11,000 ಸುತ್ತು ದಾಟಿ ಕಿರುಚುವ ಎಂಜಿನ್, 400ಕ್ಕೂ ಜಾಸ್ತಿ ಅಶ್ವಶಕ್ತಿ. ನಿಕೋಲಾ ಲಾರಿನಿ 11 ರೇಸ್ ಗೆದ್ದು ಪಟ್ಟ ಹೊತ್ತುಕೊಂಡು ಹೋದರು, ಅದೂ ಜರ್ಮನ್ನರ ಅಂಗಳದಲ್ಲಿ. ಆ ಸದ್ದಿಗಾಗಿಯೇ ಒಂದು ಹಳೆಯ ವಿಡಿಯೊ ಹಾಕಿಕೊಂಡು, ಹೆಡ್‌ಫೋನ್ ಹಾಕಿ ಕೇಳಿ. ಆದರೆ ಪ್ರಾಮಾಣಿಕವಾಗಿ ಹೇಳಬೇಕಾದರೆ, ರಸ್ತೆಯ 155ರಲ್ಲಿ ಎಂಜಿನ್ ಅಡ್ಡ ಕೂರುತ್ತದೆ, ರೇಸಿನ 155ರಲ್ಲಿ ಉದ್ದಕ್ಕೆ. ಇವೆರಡಕ್ಕೂ ಹೆಸರು, ಆಕಾರ ಬಿಟ್ಟರೆ ನಂಟು ತೀರಾ ಕಡಿಮೆ.

ಮರುವರ್ಷದ ಬ್ರಿಟನ್ ಕಥೆ ನನ್ನ ಪ್ರಶ್ನೆಗೆ ಹತ್ತಿರ. ಬಿಟಿಸಿಸಿಗೆ ಬಂದ ಎರಡು ಲೀಟರಿನ 155ಗೆ ಮುಂದೆ ಚಾಚುವ ತುಟಿ, ಹಿಂದೆ ಎತ್ತರಿಸುವ ರೆಕ್ಕೆ ಇದ್ದವು. ಇವು ಮಾರುವ ಕಾರಿನ ಜೊತೆ ಬರುತ್ತವೆ, ಬೇಕಾದವರು ಹಾಕಿಕೊಳ್ಳಬಹುದು ಅಂತ ಆಲ್ಫಾ ವಾದ. ಇಪ್ಪತ್ತು ವರ್ಷದ ಹಿಂದೆ ಸಿಎಸ್‌ಎಲ್ ಡಿಕ್ಕಿಯಲ್ಲಿ ರೆಕ್ಕೆ ಹೋಗಿತ್ತಲ್ಲ, ಅದೇ ಯುಕ್ತಿ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅನ್ನುವ ಹಾಗೆ. ಎದುರಾಳಿಗಳು ದೂರು ಕೊಟ್ಟರು, ರೆಕ್ಕೆ ತಗ್ಗಿಸಿ ಎಂದು ಆದೇಶವಾಯಿತು, ಆಲ್ಫಾ ಸಿಟ್ಟಾಗಿ ಔಲ್ಟನ್ ಪಾರ್ಕ್ ಟ್ರ್ಯಾಕ್‌ನಿಂದ ಕಾರುಗಳನ್ನು ಎತ್ತಿಕೊಂಡು ಹೊರಟೇಹೋಯಿತು. ಇಷ್ಟಾದರೂ ವರ್ಷದ ಕೊನೆಗೆ ಗೆದ್ದವರು ಅವರ ಗೇಬ್ರಿಯೆಲೆ ಟಾರ್ಕ್ವಿನಿಯೇ. ಮುಂದಿನ ವರ್ಷದಿಂದ ರೆಕ್ಕೆ ಎಲ್ಲರಿಗೂ ಸಿಕ್ಕಿತು. ಟಾರ್ಕ್ವಿನಿ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ನಿಸ್ಮೋ: ಲೆಕ್ಕ ಹಾಕಿ ಹೊಡೆದವರು

ನಿಸ್ಸಾನ್ 1984ರಲ್ಲಿ ನಿಸ್ಮೋ ಕಟ್ಟಿತು. ಇವರ ಟೂರಿಂಗ್ ಕಾರ್ ಕಥೆ ಎಂದರೆ ಆರ್32 ಸ್ಕೈಲೈನ್ ಜಿಟಿ-ಆರ್. ಗ್ರೂಪ್ ಎ ನಿಯಮದಲ್ಲಿ ಟರ್ಬೊ ಎಂಜಿನ್ ಗಾತ್ರವನ್ನು 1.7ರಿಂದ ಗುಣಿಸುತ್ತಿದ್ದರು. ಜಿಟಿ-ಆರ್ ಎಂಜಿನ್ 2,568 ಸಿಸಿ. ಗುಣಿಸಿದರೆ ಸುಮಾರು 4,366. ಅಂದರೆ 4,500 ಸಿಸಿ ವರ್ಗದೊಳಗೆ ಸರಿಯಾಗಿ ಕೂರುತ್ತದೆ. ಬೇರೆಯವರು ಇದ್ದ ಕಾರನ್ನು ನಿಯಮಕ್ಕೆ ಹೊಂದಿಸಿದರೆ, ಇವರು ನಿಯಮ ಪುಸ್ತಕ ಮುಂದಿಟ್ಟುಕೊಂಡೇ ಎಂಜಿನ್ ಅಳತೆ ಹಾಕಿದರು. ಶಕ್ತಿ ಮಾಮೂಲಾಗಿ ಹಿಂದಿನ ಚಕ್ರಕ್ಕೆ, ಅವು ಜಾರಿದರೆ ಮುಂದಕ್ಕೂ ಹಂಚುವ ವ್ಯವಸ್ಥೆ. 500 ಕಾರುಗಳ ಒಂದು ನಿಸ್ಮೋ ಆವೃತ್ತಿಯನ್ನೂ ಮಾರಿ ಸುಧಾರಣೆಗಳಿಗೆ ಮಾನ್ಯತೆ ಪಡೆದರು.

ಫಲಿತಾಂಶ? ಜಪಾನಿನ ಚಾಂಪಿಯನ್‌ಶಿಪ್‌ನಲ್ಲಿ 1990ರಿಂದ 1993ರವರೆಗೆ 29 ರೇಸ್, 29 ಗೆಲುವು. ಆಸ್ಟ್ರೇಲಿಯಾದಲ್ಲಿ ಗಿಬ್ಸನ್ ತಂಡದ ಕಾರಿನಲ್ಲಿ ಜಿಮ್ ರಿಚರ್ಡ್ಸ್, ಮಾರ್ಕ್ ಸ್ಕೈಫ್ 1991, 1992 ಎರಡೂ ವರ್ಷ ಅಲ್ಲಿನ ದೊಡ್ಡ ರೇಸ್ ಬಾಥರ್ಸ್ಟ್ ಗೆದ್ದರು. ತೂಕ ಹೇರಿದರು, ಟರ್ಬೊ ಒತ್ತಡಕ್ಕೆ ಕಡಿವಾಣ ಹಾಕಿದರು, ಏನೂ ಪ್ರಯೋಜನ ಆಗಲಿಲ್ಲ. 1993ಕ್ಕೆ ಆಸ್ಟ್ರೇಲಿಯಾ ಗ್ರೂಪ್ ಎಗೇ ವಿದಾಯ ಹೇಳಿ ಐದು ಲೀಟರಿನ ವಿ8 ಕಡೆ ಹೊರಟಿತು.

ಇಲ್ಲಿ ನನ್ನದೊಂದು ತಕರಾರು ಇದೆ. 29ಕ್ಕೆ 29 ಅನ್ನುವುದನ್ನು ಓದಲು ರೋಮಾಂಚನ, ರೇಸ್ ರೇಸಾಗಿ ನೋಡುತ್ತಾ ಹೋದರೆ ಗೆಲ್ಲುವ ಕಾರು ಯಾವುದು ಅಂತ ಮೊದಲೇ ಗೊತ್ತು. ಎಂಜಿನಿಯರಿಂಗ್ ಇಷ್ಟಪಡುವವರಿಗೆ ನಿಸ್ಮೋ ಹಬ್ಬ. ಪೈಪೋಟಿ ಬೇಕು ಅನ್ನುವವರು ಇದರಿಂದ ಶುರು ಮಾಡಬೇಡಿ.

ಹ್ಯುಂಡೈ: ಇವತ್ತಿನ ರೇಸ್ ಬೇಕೆಂದರೆ

ಮೇಲಿನ ನಾಲ್ಕೂ ಹೆಚ್ಚಾಗಿ ಹಳೆಯ ಕಾಲ. ಈಗ ನಡೆಯುತ್ತಿರುವುದನ್ನು ನೋಡಬೇಕಾದರೆ ಟಿಸಿಆರ್ ಗೊತ್ತಿರಬೇಕು. ಮಾರ್ಚೆಲ್ಲೊ ಲೊಟ್ಟಿ ರೂಪಿಸಿದ ಈ ನಿಯಮದಲ್ಲಿ ಮೊದಲ ರೇಸ್ ನಡೆದದ್ದು 2015ರಲ್ಲಿ. ಎರಡು ಲೀಟರಿನ ಟರ್ಬೊ, ಮುಂದಿನ ಚಕ್ರಕ್ಕೆ ಶಕ್ತಿ, ನಾಲ್ಕು ಅಥವಾ ಐದು ಬಾಗಿಲಿನ ಮಾಮೂಲಿ ಕಾರಿನ ದೇಹ. ಕಂಪನಿ ಕಾರು ಕಟ್ಟಿ ಖಾಸಗಿ ತಂಡಗಳಿಗೆ ಮಾರಬೇಕು, ಕಂಪನಿಯೇ ತಂಡವಾಗಿ ಇಳಿಯುವ ಹಾಗಿಲ್ಲ. ಯಾವ ಕಾರೂ ತೀರಾ ಮುಂದೆ ಹೋಗದಂತೆ ತೂಕ, ಎತ್ತರ, ಶಕ್ತಿ ಸರಿದೂಗಿಸುತ್ತಾರೆ. ಆರ್32 ಥರದ ಏಕಚಕ್ರಾಧಿಪತ್ಯ ಇಲ್ಲಿ ಸಾಧ್ಯವೇ ಇಲ್ಲ.

ಹ್ಯುಂಡೈ ಮೋಟರ್‌ಸ್ಪೋರ್ಟ್ ಇರುವುದು ಕೊರಿಯಾದಲ್ಲಲ್ಲ, ಜರ್ಮನಿಯ ಆಲ್ಜೆನೌನಲ್ಲಿ. ಅವರ ಐ30 ಎನ್ ಟಿಸಿಆರ್ ರೇಸಿಗೆ ಇಳಿದದ್ದು 2017ರಲ್ಲಿ. 2018ರಲ್ಲಿ ಅದರಲ್ಲಿ ವಿಶ್ವ ಟೂರಿಂಗ್ ಕಾರ್ ಕಪ್ ಗೆದ್ದವರು ಯಾರು ಗೊತ್ತಾ? ಅದೇ ಟಾರ್ಕ್ವಿನಿ, 56ನೇ ವಯಸ್ಸಿನಲ್ಲಿ. ಮರುವರ್ಷ ನಾರ್ಬರ್ಟ್ ಮಿಖೆಲಿಸ್. ಇನ್ನೊಂದು ನಂಟೂ ಇದೆ. ರಸ್ತೆಯ ‘ಎನ್’ ಕಾರುಗಳ ಹಿಂದಿದ್ದ ಆಲ್ಬರ್ಟ್ ಬೀರ್‌ಮನ್, 2015ರಲ್ಲಿ ಹ್ಯುಂಡೈಗೆ ಬರುವ ಮೊದಲು ಬಿಎಂಡಬ್ಲ್ಯು ಎಂ ವಿಭಾಗದಲ್ಲೇ ಎಂಜಿನಿಯರಿಂಗ್ ನೋಡಿಕೊಳ್ಳುತ್ತಿದ್ದವರು.

ನನ್ನ ಪ್ರಶ್ನೆಗೆ ಇಲ್ಲಿ ಉತ್ತರ ತಿರುಗುಮುರುಗು. ಟಿಸಿಆರ್‌ಗಾಗಿ ರಸ್ತೆ ಕಾರಿನ ಕಂಬ ಬದಲಾಯಿಸುವ ಅಗತ್ಯ ಇಲ್ಲ, ಹಾಗಾಗಿ ಇನ್ನೊಂದು ಎಂ3 ಇದರಿಂದ ಹುಟ್ಟುವುದಿಲ್ಲ. ಆದರೆ ಖಾಸಗಿ ತಂಡವೊಂದು ಕಾರು ಕೊಂಡು, ಟ್ರಕ್ಕಿನಲ್ಲಿ ಹಾಕಿಕೊಂಡು ಹೋಗಿ ಗೆಲ್ಲಬಹುದು. ಸ್ವತಃ ರೇಸಿಗೆ ಇಳಿಯುವ ಕನಸಿದ್ದವರು ಬೇರೆ ಏನನ್ನೂ ನೋಡದೆ ಇದನ್ನೇ ಹಿಡಿಯಿರಿ.

ಉಳಿದವರಲ್ಲಿ ಇಬ್ಬರ ಹೆಸರು ಹೇಳದೆ ಬಿಡಲಾರೆ. ವೋಲ್ವೊ 1994ರ ಬಿಟಿಸಿಸಿಗೆ 850 ಎಸ್ಟೇಟ್ ತಂದಿತು, ಹಿಂದೆ ಸಾಮಾನು ತುಂಬುವ ಉದ್ದ ಕಾರು. ಗೆಲ್ಲಲಿಲ್ಲ, ಆದರೆ ಆ ವರ್ಷದಲ್ಲಿ ಜನ ಇವತ್ತಿಗೂ ನೆನಪಿಟ್ಟಿರುವುದು ಅದನ್ನೇ. ಆಡಿ ವಿ8 ಕ್ವಾಟ್ರೊ 1990, 1991 ಎರಡೂ ಡಿಟಿಎಂ ಪಟ್ಟ ಗೆದ್ದಿತು, ಮೊದಲು ಹನ್ಸ್-ಯೋಆಖಿಮ್ ಸ್ಟುಕ್, ಆಮೇಲೆ ಫ್ರಾಂಕ್ ಬೀಲಾ. 1992ರಲ್ಲಿ ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ನಿಯಮದ ಪ್ರಕಾರ ಇಲ್ಲ ಅಂತ ತೀರ್ಪು ಬಂದಾಗ ಸೀಸನ್ ಮಧ್ಯದಲ್ಲೇ ಹೊರಟುಹೋಯಿತು.

ಎಂ, ಎಎಂಜಿ ಇವೆರಡರ ನಡುವೆ ಮನಸ್ಸು ತೂಗಾಡುತ್ತಿದ್ದರೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಆ 1992ರ ಡಿಟಿಎಂ ಸೀಸನ್ನನ್ನೇ ಪೂರಾ ನೋಡಿ. ಒಂದು ಕಡೆ ಕೊನೆಯ ವರ್ಷದ ಎಂ3. ಇನ್ನೊಂದು ಕಡೆ ಎವೊ 2, ಪಟ್ಟಿಯ ಮೊದಲ ಮೂರು ಸ್ಥಾನವೂ ಅದಕ್ಕೇ: ಕ್ಲೌಸ್ ಲುಡ್ವಿಗ್, ಕುರ್ಟ್ ಥೀಮ್, ಷ್ನೈಡರ್. ಮೇ 24ರ ಹಾಕನ್‌ಹೈಮ್ ರೇಸ್ ಮಾತ್ರ ತಪ್ಪಿಸಬೇಡಿ. ಅಲ್ಲಿ ಮರ್ಸಿಡಿಸ್‌ನಲ್ಲಿ ಎಲ್ಲೆನ್ ಲೋರ್ ಗೆದ್ದರು, ಡಿಟಿಎಂ ರೇಸ್ ಗೆದ್ದ ಮೊದಲ ಮಹಿಳೆ. ಆ ಸೀಸನ್ ಮುಗಿಯುವ ಹೊತ್ತಿಗೆ ತಿರುವಿನಲ್ಲಿ ನಿಮ್ಮ ಕಣ್ಣು ಯಾವ ಕಾರನ್ನು ಹುಡುಕುತ್ತಿರುತ್ತದೋ ಅದರ ವಿಭಾಗವನ್ನೇ ಹಿಡಿದುಕೊಳ್ಳಿ.